ಪ್ಯಾಕೇಜಿನಲ್ಲಿ ಲೆನ್ಸೂ ಸೇರಿದೆ

ಮದುವೆ ಮೇಕಪ್ಪಿನ ದರಪಟ್ಟಿಯನ್ನು ಒಮ್ಮೆ ನೋಡಿ. ಎಚ್‌ಡಿ ಮೇಕಪ್, ಹೇರ್ ಸ್ಟೈಲ್, ಸೀರೆ ಉಡಿಸುವುದು, ಕೃತಕ ರೆಪ್ಪೆ, ಜೊತೆಗೆ ಲೆನ್ಸ್. ಹೂವು, ಹೇರ್‌ಪಿನ್ನುಗಳ ಸಾಲಿನಲ್ಲೇ ಅದನ್ನೂ ಬರೆದಿರುತ್ತಾರೆ. ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಷ್ಟೇ ಅಲ್ಲ, ತಾಲ್ಲೂಕು ಕೇಂದ್ರಗಳ ಬ್ಯೂಟಿ ಪಾರ್ಲರ್‌ಗಳಲ್ಲೂ ಈಗ ಇದು ಮಾಮೂಲು. ಬೂದು, ಜೇನು, ತಿಳಿಗಂದು, ಹಸಿರು ಬಣ್ಣಗಳಲ್ಲಿ ಸೀರೆಗೆ ಒಪ್ಪುವುದು ಯಾವುದೆಂದು ಮನೆಮಂದಿಯೆಲ್ಲ ಕೂತು ಚರ್ಚಿಸುತ್ತಾರೆ. ಆ ಲೆನ್ಸನ್ನು ತೆರೆದು ಎಷ್ಟು ದಿನವಾಯಿತು, ಅದು ಹಿಂದೆ ಯಾರ ಕಣ್ಣಿನಲ್ಲಿತ್ತು, ಈ ಹುಡುಗಿಯ ಕಣ್ಣಿನ ಅಳತೆಗೆ ಹೊಂದುತ್ತದೆಯೇ ಎಂದು ಕೇಳುವವರು ಬಹಳ ಕಡಿಮೆ.

ಮದುವೆಮನೆಯೊಂದೇ ಅಲ್ಲ. ಕಾಲೇಜು ಫೆಸ್ಟಿನ ಫ್ಯಾಷನ್ ಷೋ, ಬೆಂಗಳೂರಿನ ಕಾಮಿಕ್ ಕಾನ್‌ಗೆ ವೇಷ ತೊಟ್ಟು ಬರುವ ಹುಡುಗ ಹುಡುಗಿಯರು, ಕಿರುಚಿತ್ರದ ದೆವ್ವ, ಹವ್ಯಾಸಿ ನಾಟಕದ ರಾಕ್ಷಸ, ದಿನಕ್ಕೊಂದು ರೀಲ್ಸ್ ಮಾಡುವವರು, ಎಲ್ಲರಿಗೂ ಬಣ್ಣದ ಕಣ್ಣು ಬೇಕು. ಮೊಬೈಲಿನಲ್ಲಿ ಆರ್ಡರ್ ಮಾಡಿದರೆ ಕೆಲವೇ ನೂರು ರೂಪಾಯಿಗೆ ಮನೆ ಬಾಗಿಲಿಗೆ ಬರುತ್ತದೆ. ಪವರ್ ಇಲ್ಲದ್ದು, ಬರೀ ಅಲಂಕಾರಕ್ಕೆ ಅಂದಮೇಲೆ ಡಾಕ್ಟರ ಹತ್ತಿರ ಏಕೆ ಹೋಗಬೇಕು ಎಂಬುದು ಕೊಳ್ಳುವವರ ಲೆಕ್ಕಾಚಾರ. ಅನಾಹುತ ಶುರುವಾಗುವುದು ಈ ಲೆಕ್ಕಾಚಾರದಿಂದಲೇ.

ಬಣ್ಣದ ಲೆನ್ಸ್ ಹಾಕಲೇಬೇಡಿ ಎಂದು ನಾನು ಹೇಳುತ್ತಿಲ್ಲ. ಅಳತೆ ನೋಡಿಸಿ, ಒಳ್ಳೆಯದನ್ನು ಕೊಂಡು, ಶುಚಿಯಾಗಿ ಹಾಕಿ, ಹೊತ್ತಿಗೆ ಸರಿಯಾಗಿ ತೆಗೆದರೆ ಅದನ್ನು ನಿಶ್ಚಿಂತೆಯಿಂದ ಬಳಸಬಹುದು. ಆದರೆ ಪವರ್ ಇರಲಿ ಇಲ್ಲದಿರಲಿ, ಅದು ಕಣ್ಣಿನ ಅತ್ಯಂತ ಸೂಕ್ಷ್ಮ ಭಾಗದ ಮೇಲೆ ಕೂರುವ ವೈದ್ಯಕೀಯ ಸಾಧನ. ಬಳೆ, ಬೈತಲೆಬೊಟ್ಟುಗಳ ಜೊತೆ ಅದನ್ನು ಎಣಿಸಬಾರದು.

ಅದು ಕೂರುವುದು ಕಾರ್ನಿಯಾದ ಮೇಲೆ, ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪೊರೆಯ ಮೇಲೆ. ಆ ಪೊರೆಯ ಬೆಲೆಯನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 2006ರ ಏಪ್ರಿಲ್‌ನಲ್ಲಿ ಡಾ. ರಾಜ್‌ಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಅವರ ಮಗ ಪುನೀತ್ ಹೋದಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳನ್ನು ಮುಂಭಾಗ, ಹಿಂಭಾಗ ಎಂದು ಪದರ ಬೇರ್ಪಡಿಸಿ ನಾಲ್ಕು ಜನರಿಗೆ ಜೋಡಿಸಿದರು. ನಡುಮಧ್ಯದಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಪೊರೆಯನ್ನು ಸೀಳಿ ಇಬ್ಬಿಬ್ಬರಿಗೆ ಕೊಡುವಷ್ಟು ಅದರ ಕೊರತೆ ನಮ್ಮಲ್ಲಿದೆ. ಅದಾದ ಮೇಲೆ ಊರೂರಿನಲ್ಲಿ ಜನ ಸಾಲುಗಟ್ಟಿ ನೇತ್ರದಾನಕ್ಕೆ ಹೆಸರು ಬರೆಸಿದರು. ಸತ್ತ ಮೇಲೆ ಕೊಡಲು ಒಪ್ಪಿದ ಕಾರ್ನಿಯಾವನ್ನು ಬದುಕಿರುವಾಗ ಒಂದು ಸಂಜೆಯ ಫೋಟೊಗಾಗಿ ಹಾಳುಮಾಡಿಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ದರೆ ಅದು ಗಾಜಿನಂತೆ ತಿಳಿಯಾಗಿರುತ್ತಿರಲಿಲ್ಲ. ಹಾಗಾಗಿ ಅದಕ್ಕೆ ಬೇಕಾದ ಆಮ್ಲಜನಕದಲ್ಲಿ ಬಹುಪಾಲು ಗಾಳಿಯಿಂದ, ಕಣ್ಣೀರಿನ ತೆಳುವಾದ ಪದರದ ಮೂಲಕ ಬರಬೇಕು. ಲೆನ್ಸ್ ಇಟ್ಟ ಕ್ಷಣದಿಂದ ಗಾಳಿಗೂ ಕಾರ್ನಿಯಾಕ್ಕೂ ನಡುವೆ ಒಂದು ತಡೆ ಬರುತ್ತದೆ. ಒಳ್ಳೆಯ ಲೆನ್ಸ್ ಆಮ್ಲಜನಕವನ್ನು ಸಾಕಷ್ಟು ಬಿಟ್ಟುಕೊಡುತ್ತದೆ. ಬಣ್ಣದ ಲೆನ್ಸ್‌ಗಳಲ್ಲಿ ಅನೇಕವು ಸಾದಾ ಲೆನ್ಸ್‌ಗಿಂತ ದಪ್ಪ, ಹಾಗಾಗಿ ಆಮ್ಲಜನಕ ಹಾಯುವುದೂ ಕಡಿಮೆ. ಸರಿಯಾಗಿ ಉಸಿರಾಡದ ಕಾರ್ನಿಯಾ ಊದಿಕೊಳ್ಳುತ್ತದೆ, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಅಂಚಿನಿಂದ ಹೊಸ ರಕ್ತನಾಳಗಳು ಒಳಗೆ ಹಬ್ಬತೊಡಗುತ್ತವೆ.

ಬಣ್ಣವನ್ನು ಎಲ್ಲಿ ಹಾಕಿದ್ದಾರೆ ಎಂಬುದೂ ಮುಖ್ಯ. ಹೆಸರುವಾಸಿ ತಯಾರಕರು ಬಣ್ಣದ ಕಣಗಳನ್ನು ಲೆನ್ಸಿನ ಎರಡು ಪದರಗಳ ನಡುವೆ ಹುದುಗಿಸುತ್ತಾರೆ. ಅಗ್ಗದ ಮಾಲಿನಲ್ಲಿ ಬಣ್ಣ ಮೇಲ್ಮೈಯಲ್ಲೇ ಇರುವುದುಂಟು. ಆಗ ಮೇಲ್ಮೈ ಒರಟಾಗುತ್ತದೆ, ರೆಪ್ಪೆ ಬಡಿದಾಗಲೆಲ್ಲ ಉಜ್ಜುತ್ತದೆ, ಆ ಒರಟಿನಲ್ಲಿ ಬ್ಯಾಕ್ಟೀರಿಯಾ ಸುಲಭವಾಗಿ ಅಂಟಿಕೊಳ್ಳುತ್ತದೆ. ಪೊಟ್ಟಣದ ಚಿತ್ರ ನೋಡಿ ಇದನ್ನು ಪತ್ತೆಹಚ್ಚಲು ಸಾಧ್ಯವಿಲ್ಲ.

ಇನ್ನು ಅಳತೆ. ಪ್ರತಿ ಲೆನ್ಸ್ ಪೊಟ್ಟಣದ ಮೇಲೂ ಎರಡು ಸಂಖ್ಯೆಗಳಿರಬೇಕು. 8.6 ಎಂಬಂಥದ್ದು ಲೆನ್ಸಿನ ಒಳಬಾಗನ್ನು ಹೇಳುತ್ತದೆ, 14.2 ಎಂಬಂಥದ್ದು ಅದರ ಅಗಲವನ್ನು. ಎರಡೂ ಮಿಲಿಮೀಟರ್ ಲೆಕ್ಕ. ಕಾರ್ನಿಯಾದ ಉಬ್ಬು ಒಬ್ಬೊಬ್ಬರದು ಒಂದೊಂದು ಥರ. ಬಾಗು ಹೊಂದದೆ ಬಿಗಿಯಾದರೆ ಲೆನ್ಸ್ ಅಲುಗಾಡದೆ ಅಂಟಿ ಕೂರುತ್ತದೆ, ಕೆಳಗಿನ ಕಣ್ಣೀರು ಬದಲಾಗುವುದಿಲ್ಲ. ಸಡಿಲವಾದರೆ ಜಾರುತ್ತಾ ಗೀರುತ್ತದೆ. ರವಿಕೆಯ ಅಳತೆಗೆ ಟೈಲರ್ ಹತ್ತಿರ ಎರಡು ಮೂರು ಸಲ ಹೋಗಿ ಬರುವ ನಾವು ಕಣ್ಣಿಗೆ ಮಾತ್ರ ‘ಫ್ರೀ ಸೈಜ್’ ಒಪ್ಪಿಕೊಳ್ಳುತ್ತೇವೆ. ನೇತ್ರತಜ್ಞರು ಅಥವಾ ಆಪ್ಟೊಮೆಟ್ರಿಸ್ಟ್ ಬಳಿ ಹೋದರೆ ಕಾರ್ನಿಯಾದ ಬಾಗನ್ನು ಯಂತ್ರದಲ್ಲಿ ಅಳೆಯುತ್ತಾರೆ, ಮಾದರಿ ಲೆನ್ಸ್ ಇಟ್ಟು ಅದು ಹೇಗೆ ಕೂರುತ್ತದೆಂದು ನೋಡುತ್ತಾರೆ, ಕಣ್ಣು ಒಣಗುವ ತೊಂದರೆ, ಅಲರ್ಜಿ ಇದೆಯೇ ಎಂದು ಪರೀಕ್ಷಿಸುತ್ತಾರೆ. ಹಾಕುವುದನ್ನೂ ತೆಗೆಯುವುದನ್ನೂ ಕಲಿಸಿಕೊಡುತ್ತಾರೆ. ಈ ಕಲಿಕೆಯೇ ಅತಿ ಮುಖ್ಯವೆಂದು ನನಗೆ ಅನ್ನಿಸುತ್ತದೆ. ಏಕೆಂದು ನಮ್ಮ ಮದುವೆಗಳ ವೇಳಾಪಟ್ಟಿಯೇ ಹೇಳುತ್ತದೆ.

ನಮ್ಮಲ್ಲಿ ಹೆಚ್ಚಿನ ಕಡೆ ಆರತಕ್ಷತೆ ಹಿಂದಿನ ಸಂಜೆ, ಮುಹೂರ್ತ ಮಾರನೆಯ ಬೆಳಿಗ್ಗೆ. ಆರತಕ್ಷತೆಗೆ ಮೇಕಪ್ ಶುರುವಾಗುವುದು ಮಧ್ಯಾಹ್ನ ಮೂರು ನಾಲ್ಕು ಗಂಟೆಗೆ. ವೇದಿಕೆ ಮೇಲೆ ಫೋಟೊ ಸಾಲು ಮುಗಿದು, ಊಟವಾಗಿ, ಕೋಣೆ ಸೇರುವ ಹೊತ್ತಿಗೆ ಹನ್ನೊಂದೂವರೆ. ಮೇಕಪ್ ಮಾಡಿದವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ. ಲೆನ್ಸ್ ಹಾಕಿದ್ದು ಅವರು. ವಧುವಿಗೆ ತೆಗೆಯಲು ಬರುವುದಿಲ್ಲ. ಉಗುರು ಉದ್ದ, ಅಕ್ಕಪಕ್ಕದವರಿಗೂ ಗೊತ್ತಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಮತ್ತೆ ಏಳಬೇಕು. ಇರಲಿ ಬಿಡು ಎಂದು ಹಾಗೇ ಮಲಗಿಬಿಡುತ್ತಾಳೆ.

ಮುಚ್ಚಿದ ರೆಪ್ಪೆಯ ಕೆಳಗೆ ಕಾರ್ನಿಯಾಕ್ಕೆ ಮೊದಲೇ ಆಮ್ಲಜನಕ ಕಡಿಮೆ. ಮೇಲೆ ಲೆನ್ಸ್ ಬೇರೆ ಇದ್ದರೆ ಉಸಿರುಗಟ್ಟಿದ ಹಾಗೆಯೇ. ಲೆನ್ಸ್ ಹಾಕಿಕೊಂಡು ಮಲಗುವವರಲ್ಲಿ ಕಾರ್ನಿಯಾದ ಸೋಂಕಿನ ಅಪಾಯ ಆರರಿಂದ ಎಂಟು ಪಟ್ಟು ಹೆಚ್ಚುತ್ತದೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಎಚ್ಚರಿಸುತ್ತದೆ. ತೆಗೆಯಲು ಬಾರದವರು ಹಾಕಿಕೊಳ್ಳಲೇಬಾರದು. ಮದುವೆಗೆ ತಿಂಗಳ ಮೊದಲೇ ಕಲಿತು, ಮನೆಯಲ್ಲಿ ಒಂದೆರಡು ಗಂಟೆ ಹಾಕಿ ನೋಡಿ ಅಭ್ಯಾಸ ಮಾಡಿಕೊಂಡಿರಬೇಕು. ಅಕ್ಕನೋ ಅತ್ತಿಗೆಯೋ ಒಬ್ಬರು ಜೊತೆಗೆ ಕಲಿತಿದ್ದರೆ ಇನ್ನೂ ಒಳ್ಳೆಯದು.

ಒಂದು ದಿನದ ಸಂಭ್ರಮಕ್ಕೆ ನನ್ನ ಸಲಹೆ ನೇರವಾಗಿದೆ: ಒಂದೇ ಸಲ ಬಳಸಿ ಬಿಸಾಡುವ ಡೈಲಿ ಲೆನ್ಸ್ ಕೊಳ್ಳಿ. ಬಣ್ಣದಲ್ಲೂ ಅವು ಸಿಗುತ್ತವೆ. ಆರತಕ್ಷತೆಗೆ ಒಂದು ಜೊತೆ, ಮುಹೂರ್ತಕ್ಕೆ ಇನ್ನೊಂದು ಜೊತೆ. ಡಬ್ಬಿಯೂ ಬೇಡ, ತೊಳೆಯುವ ತಾಪತ್ರಯವೂ ಇಲ್ಲ. ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಒಡೆಯಬೇಕು. ಮೇಕಪ್ ಕಿಟ್ಟಿನೊಳಗಿಂದ ಈಗಾಗಲೇ ತೆರೆದ ಡಬ್ಬಿ ಹೊರಬಂದರೆ ಬೇಡವೆನ್ನಿ. ವರ್ಷಕ್ಕೊಮ್ಮೆ ಬದಲಿಸುವ ಲೆನ್ಸ್ ಜೊತೆಯೊಂದನ್ನು ಕೊಂಡು, ಅದನ್ನೇ ವಧುವಿನಿಂದ ವಧುವಿಗೆ ಹಾಕುತ್ತಾ ಹೋಗುವುದು ಈ ವ್ಯವಹಾರದ ಅತ್ಯಂತ ಕೆಟ್ಟ ಪದ್ಧತಿ. ಸಲ್ಯೂಷನ್‌ನಲ್ಲಿ ತೊಳೆದಿದ್ದೇವೆ ಎಂಬ ಸಮಜಾಯಿಷಿ ನಡೆಯುವುದಿಲ್ಲ. ಒಬ್ಬರ ಕಣ್ಣೀರಿನಲ್ಲಿರುವ ವೈರಸ್, ಬ್ಯಾಕ್ಟೀರಿಯಾಗಳು ಇನ್ನೊಬ್ಬರ ಕಣ್ಣಿಗೆ ದಾಟಲು ಇಷ್ಟು ಸಾಕು. ಗೆಳತಿಯರ ನಡುವೆ ಒಂದೇ ಜೊತೆ ಕೈ ಬದಲಾಯಿಸುವುದಕ್ಕೂ ಇದೇ ಮಾತು. ಮದ್ರಾಸ್ ಐ ಹರಡಿರುವ ದಿನಗಳಲ್ಲಂತೂ ಹೇಳುವುದೇ ಬೇಡ.

ಮೇಕಪ್ಪಿಗೂ ಲೆನ್ಸಿಗೂ ಒಂದು ಕ್ರಮವಿದೆ. ಮೊದಲು ಸೋಪಿನಿಂದ ಕೈ ತೊಳೆದು, ಎಳೆ ಬಿಡದ ಶುಭ್ರ ಬಟ್ಟೆಯಲ್ಲಿ ಒರೆಸಿ, ಲೆನ್ಸ್ ಹಾಕಬೇಕು, ಮೇಕಪ್ ಆಮೇಲೆ. ಕ್ರೀಮ್ ಹತ್ತಿದ ಬೆರಳಿನಲ್ಲಿ ಲೆನ್ಸ್ ಮುಟ್ಟಿದರೆ ಆ ಜಿಡ್ಡು ಹೋಗುವುದಿಲ್ಲ. ಹೇರ್ ಸ್ಪ್ರೇ, ಸೆಟಿಂಗ್ ಸ್ಪ್ರೇ ಹೊಡೆಯುವಾಗ ಕಣ್ಣು ಗಟ್ಟಿಯಾಗಿ ಮುಚ್ಚಿರಬೇಕು. ಕಾಡಿಗೆಯನ್ನು ರೆಪ್ಪೆಗೂದಲಿನ ಒಳಗಿನ ಅಂಚಿಗೆ ತೀಡಬಾರದು, ಹೊರಗೆ ಮಾತ್ರ. ಉದುರುವ ಮಿನುಗುಪುಡಿಯನ್ನು ಆ ದಿನ ಬಿಟ್ಟುಬಿಡುವುದೇ ಒಳ್ಳೆಯದು. ರಾತ್ರಿ ಇದರ ತಿರುವುಮುರುವು: ಮೊದಲು ಲೆನ್ಸ್ ತೆಗೆಯಬೇಕು, ಆಮೇಲೆ ಮೇಕಪ್ ಒರೆಸಬೇಕು.

ಹೋಮದ ಮುಂದೆ ಕೂತರೆ ಲೆನ್ಸ್ ಕರಗಿ ಕಣ್ಣಿಗೆ ಅಂಟಿಬಿಡುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ಇದು ಸುಳ್ಳು. ಮೆದು ಲೆನ್ಸ್‌ಗಳನ್ನು ಕಾರ್ಖಾನೆಯಲ್ಲಿ ಸುಮಾರು 121 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಕ್ರಿಮಿಶುದ್ಧಿ ಮಾಡಿಯೇ ಕಳಿಸುತ್ತಾರೆ. ಕಣ್ಣು ತಡೆಯಬಲ್ಲ ಬಿಸಿಗೆ ಅವು ಕರಗುವ ಮಾತೇ ಇಲ್ಲ. ಆದರೆ ಹೊಗೆಯ ತೊಂದರೆ ನಿಜ. ತುಪ್ಪ, ಸಮಿತ್ತು, ಕರ್ಪೂರದ ಹೊಗೆಯ ಕಣಗಳು ಲೆನ್ಸಿಗೆ ಹತ್ತುತ್ತವೆ, ಕಾವಿಗೆ ಲೆನ್ಸ್ ಒಣಗುತ್ತದೆ, ಕಣ್ಣು ಉಜ್ಜುವ ಹಾಗಾಗುತ್ತದೆ. ಅಕ್ಷತೆ ಬೀಳುವ, ಅರಿಶಿನ ಹತ್ತುವ ಶಾಸ್ತ್ರಗಳಲ್ಲೂ ಲೆನ್ಸ್ ಇಲ್ಲದಿದ್ದರೆ ವಧು ನೆಮ್ಮದಿಯಾಗಿರುತ್ತಾಳೆ. ಆರತಕ್ಷತೆಗಷ್ಟೇ ಹಾಕಿ, ಮುಹೂರ್ತಕ್ಕೆ ಸ್ವಂತ ಕಣ್ಣಿನ ಬಣ್ಣದಲ್ಲೇ ಕೂರುವವರನ್ನು ನಾನು ಮೆಚ್ಚುತ್ತೇನೆ.

ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿ ಸೇರಿಕೊಳ್ಳುತ್ತದೆ ಎಂಬುದೂ ಇಂಥದ್ದೇ ಭಯ. ರೆಪ್ಪೆಯ ಒಳಪೊರೆ ಮಡಿಚಿ ಕಣ್ಣುಗುಡ್ಡೆಗೆ ಸೇರುವುದರಿಂದ ಅಲ್ಲಿಂದಾಚೆ ದಾರಿಯಿಲ್ಲ. ಆದರೆ ಮೇಲಿನ ರೆಪ್ಪೆಯ ಮಡಿಕೆಯಲ್ಲಿ ಅದು ಅಡಗಿ ಕೂರಬಹುದು. ಇಂಗ್ಲೆಂಡಿನಲ್ಲಿ 67 ವರ್ಷದ ಮಹಿಳೆಯೊಬ್ಬರಿಗೆ ಕಣ್ಣಿನ ಪೊರೆಯ (ಕ್ಯಾಟರ್ಯಾಕ್ಟ್) ಶಸ್ತ್ರಕ್ರಿಯೆ ಮಾಡಲು ಹೊರಟ ವೈದ್ಯರಿಗೆ ರೆಪ್ಪೆಯಡಿ ಒಟ್ಟು 27 ಲೆನ್ಸ್ ಸಿಕ್ಕಿದ್ದು 2017ರಲ್ಲಿ ವರದಿಯಾಯಿತು. ಹಾಕಿದ್ದನ್ನು ತೆಗೆದಿದ್ದೇವೆಯೇ ಎಂದು ಎಣಿಸಿಕೊಳ್ಳಿ.

ಡೈಲಿ ಅಲ್ಲದ ಲೆನ್ಸ್ ಇಟ್ಟುಕೊಂಡವರಿಗೆ ನೀರಿನ ಬಗ್ಗೆ ಒಂದು ಕಟ್ಟುನಿಟ್ಟಿನ ಮಾತಿದೆ. ನಲ್ಲಿ ನೀರು, ಬೋರ್‌ವೆಲ್ ನೀರು, ಫಿಲ್ಟರ್ ನೀರು, ಕುದಿಸಿ ಆರಿಸಿದ ನೀರು, ಬಾಟಲಿ ನೀರು, ಯಾವುದೂ ಲೆನ್ಸಿಗೂ ಅದರ ಡಬ್ಬಿಗೂ ತಾಗಬಾರದು. ಉಗುಳು ಹಚ್ಚುವುದಂತೂ ಸಲ್ಲದು. ಮಣ್ಣಿನಲ್ಲೂ ಟ್ಯಾಂಕಿನಲ್ಲೂ ಇರುವ ಅಕ್ಯಾಂತಮೀಬಾ ಎಂಬ ಏಕಕೋಶ ಜೀವಿ ಗಟ್ಟಿ ಕವಚ ಕಟ್ಟಿಕೊಂಡು ಕ್ಲೋರಿನ್ ನೀರಿನಲ್ಲೂ ಬದುಕುತ್ತದೆ. ಅದು ಕಾರ್ನಿಯಾಕ್ಕೆ ಹೊಕ್ಕರೆ ನೋವು ಸಹಿಸಲಸಾಧ್ಯ, ಔಷಧ ತಿಂಗಳುಗಟ್ಟಲೆ. ಸ್ನಾನಕ್ಕೆ, ಈಜಿಗೆ, ಮುಖ ತೊಳೆಯಲು ಮೊದಲು ಲೆನ್ಸ್ ತೆಗೆಯಿರಿ ಎಂದು ಹೇಳುವುದು ಇದಕ್ಕೇ.

ಡಬ್ಬಿಯಲ್ಲಿ ಉಳಿದ ಸಲ್ಯೂಷನ್ ಮೇಲೆಯೇ ನಾಲ್ಕು ಹನಿ ಹೊಸದನ್ನು ಸುರಿದು ಉಳಿತಾಯ ಮಾಡುವವರಿದ್ದಾರೆ. 2006ರಲ್ಲಿ ಅಮೆರಿಕ, ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ಲೆನ್ಸ್ ಧರಿಸುವವರಿಗೆ ಫ್ಯುಸೇರಿಯಂ ಎಂಬ ಶಿಲೀಂಧ್ರದ ಸೋಂಕು ಕಾಣಿಸಿಕೊಂಡು, ಅದಕ್ಕೆ ನಂಟಿದ್ದ ಒಂದು ಸಲ್ಯೂಷನನ್ನು ಕಂಪನಿ ಜಗತ್ತಿನ ಎಲ್ಲ ಕಡೆಯಿಂದ ಹಿಂತೆಗೆದುಕೊಂಡಿತು. ಸಲ್ಯೂಷನ್ ಮರುಬಳಸುವ ಈ ಅಭ್ಯಾಸದ ಅಪಾಯವೂ ಆಗಿನ ತನಿಖೆಯಲ್ಲಿ ಎದ್ದು ಕಂಡಿತು. ಪ್ರತಿ ಸಲ ಹಳೆಯದನ್ನು ಚೆಲ್ಲಿ, ಲೆನ್ಸನ್ನು ಅಂಗೈಯಲ್ಲಿ ಹೊಸ ಸಲ್ಯೂಷನ್ ಹಾಕಿ ಮೃದುವಾಗಿ ಉಜ್ಜಿ, ತೊಳೆದು, ಮತ್ತೆ ಹೊಸದರಲ್ಲಿ ನೆನೆಹಾಕಬೇಕು. ಖಾಲಿ ಡಬ್ಬಿಯನ್ನೂ ಸಲ್ಯೂಷನ್‌ನಿಂದಲೇ ತೊಳೆದು ಕವುಚಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಬದಲಿಸಬೇಕು. ಹೈಡ್ರೋಜನ್ ಪೆರಾಕ್ಸೈಡ್ ಇರುವ ಸಲ್ಯೂಷನ್ ಬಾಟಲಿಯ ಬಗ್ಗೆ ಪ್ರತ್ಯೇಕ ಎಚ್ಚರ ಬೇಕು: ಅದರ ಜೊತೆ ಬರುವ ವಿಶೇಷ ಡಬ್ಬಿಯಲ್ಲಿ ಸುಮಾರು ಆರು ಗಂಟೆ ಇಟ್ಟ ಮೇಲಷ್ಟೇ ಅದು ತಟಸ್ಥವಾಗುತ್ತದೆ, ನೇರ ಕಣ್ಣಿಗೆ ಹೋದರೆ ಸುಡುತ್ತದೆ. ‘ವರ್ಷದ ಲೆನ್ಸ್’ ಎಂದರೆ ಸೀಸೆ ಒಡೆದ ದಿನದಿಂದ ಒಂದು ವರ್ಷ. ಎಷ್ಟು ಸಲ ಹಾಕಿದಿರಿ ಎಂಬುದು ಲೆಕ್ಕಕ್ಕಿಲ್ಲ.

ವೇಷಕ್ಕಾಗಿ ಕಣ್ಣಿನ ರೂಪ ಬದಲಿಸುವ ಆಸೆ ಹೊಸದಲ್ಲ. ಕಥಕ್ಕಳಿ ಕಲಾವಿದರು ಬದನೆಯ ಜಾತಿಗೆ ಸೇರಿದ ಗಿಡವೊಂದರ ಹೂವಿನ ಒಳಭಾಗವನ್ನು ಹದಮಾಡಿ ರೆಪ್ಪೆಯಡಿ ಇಟ್ಟು ಕಣ್ಣು ಕೆಂಪಗಾಗಿಸಿಕೊಳ್ಳುತ್ತಾರೆ. ಗುರುವಿನ ಕಣ್ಗಾವಲಿನಲ್ಲಿ ಕಲಿಯುವ ವಿದ್ಯೆ ಅದು. ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಮಾತ್ರ ದೃಷ್ಟಿದೋಷಕ್ಕೆ. 1888ರಲ್ಲಿ ಜ್ಯೂರಿಕ್‌ನ ಅಡಾಲ್ಫ್ ಫಿಕ್ ಗಾಜಿನ ಲೆನ್ಸ್ ಬಗ್ಗೆ ಬರೆದ. ಅದನ್ನು ಕೆಲವು ಗಂಟೆಗಿಂತ ಹೆಚ್ಚು ಹೊತ್ತು ತಾಳಿಕೊಳ್ಳಲು ಆಗುತ್ತಿರಲಿಲ್ಲ. 1961ರ ಕ್ರಿಸ್‌ಮಸ್ ಹೊತ್ತಿಗೆ ಪ್ರಾಗ್‌ನ ರಸಾಯನ ವಿಜ್ಞಾನಿ ಓಟೊ ವಿಖ್ಟರ್ಲೆ ಮಕ್ಕಳ ಆಟಿಕೆಯ ಬಿಡಿಭಾಗ, ಸೈಕಲ್ ಡೈನಮೊ ಸೇರಿಸಿ ಮನೆಯಲ್ಲೇ ಒಂದು ಯಂತ್ರ ಕಟ್ಟಿ ಮೆದು ಲೆನ್ಸ್ ತೆಗೆದ. ಇಂದಿನ ಬಣ್ಣದ ಲೆನ್ಸ್‌ಗಳೆಲ್ಲ ಆ ಮೆದು ಲೆನ್ಸಿನ ಸಂತಾನ.

ಕಾಸ್‌ಪ್ಲೇ, ದೆವ್ವದ ವೇಷಗಳಿಗೆ ಬಳಸುವವುಗಳ ಕತೆ ಇನ್ನೂ ಗಂಭೀರ. ಕಣ್ಣಿನ ಬಿಳಿಭಾಗವನ್ನೂ ಮುಚ್ಚುವ ಸ್ಕ್ಲೀರಾ ಲೆನ್ಸ್ ಸುಮಾರು 22 ಮಿಲಿಮೀಟರ್ ಅಗಲ. ಹಾಕುವುದೂ ತೆಗೆಯುವುದೂ ಕಷ್ಟ, ಆಮ್ಲಜನಕದ ಕೊರತೆ ಹೆಚ್ಚು. ಪಾಪೆಯನ್ನೂ ಮರೆಮಾಡುವ ಪೂರ್ತಿ ಬಿಳಿ ಲೆನ್ಸ್ ಹಾಕಿದರೆ ಎದುರಿಗಿರುವುದು ಮಂಜು ಮಂಜು. 1958ರ ‘ಡ್ರಾಕುಲಾ’ ಚಿತ್ರದಲ್ಲಿ ಕ್ರಿಸ್ಟೊಫರ್ ಲೀ ತೊಟ್ಟ ಕೆಂಪು ಲೆನ್ಸ್ ವೇಷದ ಲೆನ್ಸ್‌ಗಳಿಗೆ ಪ್ರಸಿದ್ಧ ಉದಾಹರಣೆ. ದೊಡ್ಡ ಚಿತ್ರಗಳ ಸೆಟ್‌ನಲ್ಲಿ ಲೆನ್ಸ್ ಹಾಕಿ ತೆಗೆಯಲೆಂದೇ ನುರಿತವರು ಇರುತ್ತಾರೆ. ಹವ್ಯಾಸಿಗಳಿಗೆ ಆ ಅನುಕೂಲವಿಲ್ಲ. ಇದನ್ನು ಹಾಕಿಕೊಂಡು ಮೆಟ್ಟಿಲು ಹತ್ತುವಾಗ ಯಾರಾದರೂ ಕೈ ಹಿಡಿದಿರಬೇಕು, ಗಾಡಿ ಓಡಿಸಲೇಬಾರದು. ಸಾಮಾನ್ಯ ಬಣ್ಣದ ಲೆನ್ಸಿನಲ್ಲೂ ರಾತ್ರಿ ಪಾಪೆ ಹಿಗ್ಗಿದಾಗ ನಡುವಿನ ತೂತಿನ ಅಂಚಿನ ಬಣ್ಣ ದೃಷ್ಟಿಗೆ ಅಡ್ಡ ಬರುತ್ತದೆ. ಕಾರ್ಯಕ್ರಮ ಮುಗಿಸಿ ಸ್ಕೂಟರ್ ಹತ್ತುವ ಮೊದಲು ತೆಗೆಯಿರಿ.

2024ರ ಜುಲೈನಲ್ಲಿ ನಟಿ ಜಾಸ್ಮಿನ್ ಭಸೀನ್ ದೆಹಲಿಯ ಕಾರ್ಯಕ್ರಮವೊಂದಕ್ಕೆ ಲೆನ್ಸ್ ಹಾಕಿಕೊಂಡರು. ಕಣ್ಣು ನೋಯತೊಡಗಿತು. ಒಪ್ಪಿಕೊಂಡ ಕೆಲಸವೆಂದು ಕಪ್ಪು ಕನ್ನಡಕ ಧರಿಸಿ ಕಾರ್ಯಕ್ರಮ ಮುಗಿಸಿ, ಆಮೇಲೆ ವೈದ್ಯರ ಬಳಿ ಹೋದರು. ಕಾರ್ನಿಯಾಕ್ಕೆ ಪೆಟ್ಟಾಗಿದೆ ಎಂದು ವೈದ್ಯರು ಕಣ್ಣಿಗೆ ಪಟ್ಟಿ ಕಟ್ಟಿದರು. ಇದನ್ನು ಅವರೇ ಹೇಳಿಕೊಂಡರು. ವೇದಿಕೆಯ ಮೇಲೆ ನಿಂತ ನಮ್ಮ ವಧುವೂ ಹೀಗೇ ಸಹಿಸುತ್ತಾಳೆ. ಎದುರಿಗೆ ನೆಂಟರ ಸಾಲು, ಪಕ್ಕದಲ್ಲಿ ಫೋಟೊಗ್ರಾಫರ್, ಈಗ ಹೇಗೆ ಹೋಗುವುದು ಎಂಬ ಸಂಕೋಚ. ಸಂಕೋಚಪಡಬೇಡ ತಾಯಿ, ಐದು ನಿಮಿಷ ಒಳಗೆ ಹೋಗಿ ತೆಗೆದು ಬಾ. ಉಡುಗೊರೆ ಹಿಡಿದವರು ಕಾಯುತ್ತಾರೆ.

ಲೆನ್ಸ್ ತೆಗೆದ ಮೇಲೂ ನೋವು, ಕೆಂಪು ಉಳಿದರೆ, ಬೆಳಕು ನೋಡಲಾಗದಿದ್ದರೆ, ಮಬ್ಬಾದರೆ, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದೇ ದಿನ ಕಣ್ಣಿನ ಡಾಕ್ಟರನ್ನು ನೋಡಬೇಕು. ಒದ್ದೆ ಡಬ್ಬಿಯಲ್ಲಿ ಬೆಳೆಯುವ ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ಕಾರ್ನಿಯಾವನ್ನು ಕರಗಿಸಬಲ್ಲದು. ವಾಸಿಯಾದರೂ ಹೂ ಬಿದ್ದ ಕಣ್ಣಾಗಿ ಉಳಿಯಬಹುದು, ಕಾರ್ನಿಯಾ ಕಸಿಯೇ ಬೇಕಾಗಬಹುದು. ತೆಗೆದ ಲೆನ್ಸನ್ನು ಬಿಸಾಡದೆ ಡಬ್ಬಿ ಸಮೇತ ಒಯ್ಯಿರಿ. ಯಾವ ಕ್ರಿಮಿ ಎಂದು ಪತ್ತೆಹಚ್ಚಲು ಅದು ನೆರವಾಗುತ್ತದೆ. ನಂದಿಬಟ್ಟಲಿನ ರಸ, ಎದೆಹಾಲು, ಹರಳೆಣ್ಣೆ, ಜೇನು, ರೋಸ್ ವಾಟರ್ ಏನನ್ನೂ ಹಾಕಬೇಡಿ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಹನಿ, ಮನೆಯಲ್ಲಿ ಯಾರಿಗೋ ಬರೆದು ಉಳಿದ ಹನಿ ಇನ್ನೂ ಅಪಾಯ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಕೆಂಪು ತಾತ್ಕಾಲಿಕವಾಗಿ ಇಳಿದು, ಒಳಗೆ ಶಿಲೀಂಧ್ರ ಬೆಳೆಯುತ್ತಾ ಹೋಗುತ್ತದೆ.

ಹ್ಯಾಲೋವೀನ್ ವೇಷಕ್ಕೆಂದು ಬಣ್ಣದ ಲೆನ್ಸ್ ಕೊಳ್ಳುವ ಅಮೆರಿಕದಲ್ಲಿ, ಪವರ್ ಇಲ್ಲದವೂ ಸೇರಿ ಎಲ್ಲ ಕಾಂಟ್ಯಾಕ್ಟ್ ಲೆನ್ಸ್‌ಗಳನ್ನು ವೈದ್ಯಕೀಯ ಸಾಧನವೆಂದು 2005ರಲ್ಲೇ ಕಾನೂನು ಮಾಡಿದರು. ವೈದ್ಯರ ಚೀಟಿಯಿಲ್ಲದೆ ಮಾರುವುದು ಅಲ್ಲಿ ಅಪರಾಧ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ವೈದ್ಯಕೀಯ ಸಾಧನಗಳೆಲ್ಲವೂ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಡಿ ಬಂದಿವೆ, ಕಾಂಟ್ಯಾಕ್ಟ್ ಲೆನ್ಸೂ ಅದರಲ್ಲಿದೆ. ಆದರೂ ಆನ್‌ಲೈನಿನಲ್ಲಿ ಒಂದೂ ಪ್ರಶ್ನೆಯಿಲ್ಲದೆ ಅದು ಸಿಗುತ್ತಿರುವುದು ತಪ್ಪು, ಇದನ್ನು ಬಿಗಿ ಮಾಡಲೇಬೇಕು. ಅಲ್ಲಿಯವರೆಗೆ ಕೊಳ್ಳುವವರೇ ನೋಡಿಕೊಳ್ಳಬೇಕು. ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಬಾಗು ಮತ್ತು ಅಗಲದ ಸಂಖ್ಯೆ ಇಲ್ಲದ ಪೊಟ್ಟಣವನ್ನು ಹಿಂದಿರುಗಿಸಿ.

ಮೇಕಪ್ ವೃತ್ತಿಯಲ್ಲಿರುವ ಅಕ್ಕಂದಿರು, ತಂಗಿಯರು, ಅಣ್ಣಂದಿರಲ್ಲಿ ನನ್ನದೊಂದು ಕೋರಿಕೆ. ನಿಮ್ಮ ಕೈಚಳಕದ ಮೇಲೆ ನಂಬಿಕೆಯಿಟ್ಟೇ ವಧುಗಳು ಕಣ್ಣು ಬಿಟ್ಟು ಕೂರುತ್ತಾರೆ. ಕಿಟ್ಟಿನಲ್ಲಿರುವ ತೆರೆದ ಲೆನ್ಸ್‌ಗಳನ್ನು ಇವತ್ತೇ ಬಿಸಾಡಿ, ಪ್ಯಾಕೇಜಿನಿಂದ ಆ ಸಾಲನ್ನು ಅಳಿಸಿ. ಬೇಕೆನ್ನುವವರಿಗೆ ಮುಂಗಡ ಕೊಡುವ ದಿನವೇ ಹೇಳಿ: ಒಂದು ತಿಂಗಳು ಮೊದಲು ಕಣ್ಣಿನ ಡಾಕ್ಟರಲ್ಲಿ ಅಳತೆ ನೋಡಿಸಿ, ಹಾಕಿ ತೆಗೆಯುವುದನ್ನು ಕಲಿತು, ನಿಮ್ಮದೇ ಹೊಸ ಪೊಟ್ಟಣ ತನ್ನಿ.